ಗಾಳಿಸುದ್ದಿ

ಸುಂಪಾಂಗೊ,
ಸತ್ತವರ ಹಬ್ಬದ ಬೆಳಿಗ್ಗೆ

ಅಣ್ಣ ಅನಾಕ್ಲೇತೊಗೆ ತಂಗಿ ಫಿದೇಲಿಯಾಳ ನಮಸ್ಕಾರ.

ಸೈನಿಕರು ನಿನ್ನನ್ನು ಲಾರಿ ಹತ್ತಿಸಿಕೊಂಡು ಹೋದ ಮೇಲೆ, ಮೆಕ್ಸಿಕೋದಲ್ಲಿದ್ದಾನಂತೆ, ಕಾಫಿ ತೋಟದಲ್ಲಿದ್ದಾನಂತೆ ಎಂಬ ಗಾಳಿಸುದ್ದಿಗಳಲ್ಲೇ ನಾವು ಬದುಕಿದೆವು. ಕಚೇರಿಗೆ ಹೋದಾಗಲೆಲ್ಲ "ಮೇಲಿನವರನ್ನು ಕೇಳಿ" ಎನ್ನುತ್ತಿದ್ದರು. ಈಗ ನಿಜಕ್ಕೂ ಮೇಲಕ್ಕೇ ಬರೆಯುತ್ತಿದ್ದೇನೆ. ಈ ಕಾಗದವನ್ನು ಇವತ್ತು ಗಾಳಿಪಟದ ದಾರಕ್ಕೆ ಕಟ್ಟಿ ಸ್ಮಶಾನದಿಂದ ಹಾರಿಸುತ್ತೇವೆ.

ಸತ್ತವರಿಗೆ ಊರೆಲ್ಲ ಹೀಗೇ ಬರೆಯುತ್ತದೆ. ಅಪ್ಪನಿಗೆ ನಾವೂ ಬರೆಯುತ್ತಿದ್ದೆವು. ನಿನ್ನ ಹೆಸರೆತ್ತಿದರೆ ಮಾತ್ರ ಅಮ್ಮ, "ಬದುಕಿರೋನಿಗೆ ಯಾರಾದ್ರೂ ಪಟ ಹಾರಿಸ್ತಾರೇನೇ, ಹುಚ್ಚಿ?" ಎಂದು ಬೈಯುತ್ತಿದ್ದಳು.

ಈ ಸಲ ನಿನ್ನ ಪಟಕ್ಕೆ ಬಣ್ಣದ ಕಾಗದ ಅವಳೇ ತಂದಳು. "ಒಬ್ಬಳೇ ಎಷ್ಟು ದಿನ ಅಂತ ಅವನನ್ನ ಬದುಕಿಸಿಟ್ಕೊಳ್ಲಿ? ಸೋತೋದೆ ಕಣೇ" ಎಂದಳು.

ಸೈನಿಕರು ನಿನ್ನನ್ನು ಒಯ್ದರೂ ನೀನು ಪಟ ಮಾಡುತ್ತಿದ್ದ ಕತ್ತರಿ ಇಲ್ಲೇ ಉಳಿಯಿತು. ಪಟ ಕಟ್ಟುವುದನ್ನು ನಾವು ಒಂದು ವರ್ಷವೂ ಬಿಡಲಿಲ್ಲ. ಅದೇ ಕತ್ತರಿಯಿಂದ ಚೂರು ಚೂರು ಕತ್ತರಿಸಿ, ಅಂಟಿಸಿ, ನಿನ್ನ ಮುಖ ಮಾಡಿದೆ. ಸುತ್ತಲೂ ಅಮ್ಮ ನೇಯುವ ಕುಪ್ಪಸದ ಹಕ್ಕಿಗಳಿವೆ. "ಕಣ್ಣು ಕಪ್ಪಲ್ಲ, ಜೇನಿನ ಬಣ್ಣ. ಒಡಹುಟ್ಟಿದೋಳಿಗೆ ಅಷ್ಟೂ ಗೊತ್ತಿಲ್ವಾ?" ಎಂದಳು ಅಮ್ಮ. ಕಿತ್ತು ಮತ್ತೆ ಅಂಟಿಸಿದೆ. ಮೂಗು ಮಾತ್ರ ನಿನ್ನದಕ್ಕಿಂತ ಚೆನ್ನಾಗಿ ಬಂದಿದೆ, ಬೇಸರ ಮಾಡಿಕೊಳ್ಳಬೇಡ.

ನೀನು ಅಲ್ಲಿದ್ದರೆ ಇವತ್ತು ಇಳಿದು ಬಾ. ಅಮ್ಮ ಬೆಲ್ಲದಲ್ಲಿ ಕುಂಬಳ ಬೇಯಿಸಿದ್ದಾಳೆ, ತಿಂದು ಹೋಗು. ಅಲ್ಲಿ ಇಲ್ಲದಿದ್ದರೆ, ದಯವಿಟ್ಟು ಈ ಕಾಗದವನ್ನು ಓದಬೇಡ.

ನಿನ್ನ ತಂಗಿ,
ಫಿದೇಲಿಯಾ