ಗೆರೆಯಿಂದ ಕೆಳಗಿಳಿದ ನೀಲಿ ಎಣ್ಣೆ

ಮಾರ್ಚ್ ೧೪

ಮುದ್ದಿನ ತಂಗಿಗೆ ಅಕ್ಕನ ಆಶೀರ್ವಾದಗಳು.

ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಮನೆಯಲ್ಲೊಬ್ಬ ಕಳ್ಳಿಯನ್ನು ಹಿಡಿಯುವ ಗಡಿಬಿಡಿಯಲ್ಲಿದ್ದೆ.

ಅಮ್ಮನ ನಿದ್ದೆಗೆಂದು ನೀನು ಕಳಿಸಿದ ಕ್ಯಾಮೊಮೈಲ್ ಎಂಬ ಸೇವಂತಿಗೆ ಜಾತಿಯ ಹೂವಿನ ಎಣ್ಣೆ ತಲುಪಿತು. ಆ ಕಡುನೀಲಿ ಬಣ್ಣ ನೋಡಿ, ಯಾರೋ ಶಾಯಿ ಬೆರೆಸಿ ನಿನಗೆ ಟೋಪಿ ಹಾಕಿದ್ದಾರೆ ಅಂದುಕೊಂಡೆ. ನಾನು ಬಾಟಲಿಗಳಿಗೆ ಲೇಬಲ್ ಅಂಟಿಸುವ ಕಾರ್ಖಾನೆಯ ಕೆಮಿಸ್ಟ್ ನಕ್ಕುಬಿಟ್ಟ. "ಬಟ್ಟಿ ಇಳಿಸುವಾಗ ಆ ಬಣ್ಣ ತಾನಾಗೇ ಬರುತ್ತೆ. ಎಲ್ಲದ್ರಲ್ಲೂ ಹುಳುಕು ಹುಡುಕ್ಬೇಡಿ ಅಕ್ಕಾ" ಎಂದ. ಮನಸ್ಸಿಗೆ ಹಿತವಂತೆ, ಆದರೆ ಕುಡಿಯಬಾರದು, ಹಾಗೇ ಹಚ್ಚಲೂಬಾರದು. ಒಂದು ಚಮಚ ಬಾದಾಮಿ ಎಣ್ಣೆಗೆ ಎರಡೇ ಹನಿ. ಸೇವಂತಿಗೆ ಒಗ್ಗದವರಿಗೆ ಇದೂ ಒಗ್ಗದಿರಬಹುದು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳಬೇಕು. ಅಮ್ಮನಿಗೆ ಎರಡೂ ಇಲ್ಲ. ಮೊಣಕೈ ಒಳಗೆ ಚೂರು ಹಚ್ಚಿಸಿ, ಒಂದು ದಿನ ಕಾದು, ನಾನು ಕೆಲಸಕ್ಕೆ ಹೋದಾಗ ಅಮ್ಮನನ್ನು ನೋಡಿಕೊಳ್ಳುವ ನರ್ಸಮ್ಮನ ಕೈಗೆ ಬಾಟಲಿ ಕೊಟ್ಟೆ.

ಅಮ್ಮನಿಗೇನೋ ನಿದ್ದೆ ಹತ್ತಿತು. ಆದರೆ ಬಾಟಲಿ ಬೇಗಬೇಗ ಖಾಲಿಯಾಗುತ್ತಿತ್ತು. ಸೋರುವ ಬಾಟಲಿ ಪತ್ತೆಗೆ ಕೆಲಸದಲ್ಲಿ ಮಾಡುವಂತೆ ಎಣ್ಣೆ ಇದ್ದ ಮಟ್ಟಕ್ಕೆ ಲೇಬಲ್ ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದೆ. ಎರಡೇ ದಿನಕ್ಕೆ ಎಣ್ಣೆ ಗೆರೆಯಿಂದ ಬೆರಳಗಲ ಕೆಳಗೆ! ನರ್ಸಮ್ಮನ ಚೀಲ ಬಿಚ್ಚಿಸಿದೆ. ಒಂದು ಬಾಚಣಿಗೆ, ಒಂದು ಛತ್ರಿ, ಅಷ್ಟೇ ಇದ್ದವು.

"ನಾನು ತಗೊಂಡಿಲ್ಲ. ಬೇರೇನೂ ಕೇಳ್ಬೇಡಿ" ಎಂದಳು.

ಅಷ್ಟು ಸಾಕಾಯಿತು ನನಗೆ. ಬಾಗಿಲು ತೋರಿಸಿದೆ.

ಮರುದಿನ ರಜೆ ಹಾಕಿ ನಾನೇ ಅಮ್ಮನಿಗೆ ಸ್ನಾನ ಮಾಡಿಸಲು ಹೋದೆ. ರವಿಕೆಯ ಉದ್ದ ತೋಳು ಮೇಲೆ ಮಡಚಿದರೆ ಎರಡೂ ಮುಂಗೈ ಕೆಂಪಗೆ ಗುಳ್ಳೆ ಎದ್ದಿದ್ದವು. ಎಣ್ಣೆಯನ್ನು ಹಾಗೇ ಸುರಿದುಕೊಂಡು ಹಚ್ಚಿಕೊಳ್ಳುತ್ತಿದ್ದವಳು ಅಮ್ಮನೇ. ಗಾಬರಿಯಾಗಬೇಡ, ಡಾಕ್ಟರು ಮುಲಾಮು ಕೊಟ್ಟಿದ್ದಾರೆ, ಉರಿ ಇಳಿದಿದೆ.

ನರ್ಸಮ್ಮನ ಮನೆಗೆ ಹೋಗಿ ತಪ್ಪಾಯಿತು ಎಂದೆ. ತಲೆ ಎತ್ತಲು ಆಗಲಿಲ್ಲ ಕಣೇ. "ನನಗೂ ನೀವು ಚೀಲ ಬಿಚ್ಚಿಸಿದ ದಿನಾನೇ ಗೊತ್ತಾಗಿದ್ದು. ಡಾಕ್ಟರಿಗೆ ತೋರಿಸೋಣ ಅಂದೆ. ಮಗಳಿಗೆ ಮಾತ್ರ ಹೇಳ್ಬೇಡ ಅಂತ ಅಮ್ಮ ಕೈ ಹಿಡ್ಕೊಂಡ್ರು" ಎಂದಳು. ಸೋಮವಾರದಿಂದ ಬರುತ್ತಾಳಂತೆ, ನನ್ನ ಮುಖ ನೋಡಿ ಅಲ್ಲ, ಅಮ್ಮನಿಗೋಸ್ಕರ.

ನೀನೂ ಮಕ್ಕಳೂ ನೂರ್ಕಾಲ ತಣ್ಣಗಿರಿ.

ಇಂತಿ,
ನಿನ್ನ ಅಕ್ಕ

ತಾ.ಕ.: ಮುಲಾಮು ಹಚ್ಚುತ್ತಾ ಯಾಕಮ್ಮ ಹೀಗೆ ಮಾಡಿಕೊಂಡೆ ಎಂದು ಕೇಳಿದೆ. "ಎರಡು ಹನಿಗೆ ನಿದ್ದೆ ತಡವಾಗಿ ಬರ್ತಿತ್ತು. ನೀನು ಕೆಲಸದಿಂದ ಬರೋಷ್ಟರಲ್ಲಿ ಮಲಗಿಬಿಡೋಣ ಅಂತ" ಎಂದಳು. "ಎಚ್ಚರ ಇದ್ರೆ ಯಾರು ಬಂದ್ರು, ಯಾರು ಬೀರು ತೆಗೆದ್ರು ಅಂತ ಕೇಳ್ತೀಯಲ್ಲ, ನಂಗೆ ಭಯ ಆಗುತ್ತೆ ಕಣೇ."