ಪ್ರೆಸ್ಸಿಗೆ ಗಾಳಿ ಹೊಡೆದದ್ದು

ಸಿಂಡರ್ ಕ್ರೀಕ್, ಐಡಾಹೊ
ಭಾನುವಾರ, 4 ನವೆಂಬರ್ 2018

ಪ್ರೀತಿಯ ವೇಡ್ ಅಣ್ಣಾ,

ಹೇಗಿದ್ದೀಯ? ಬೂಟು ಹಿಮ್ಮಡಿ ಕಚ್ಚಿದ್ದು ವಾಸಿಯಾಯಿತೇ? ಕಾಲಿಗೆ ಎರಡು ಜೊತೆ ಉಣ್ಣೆಯ ಕಾಲುಚೀಲ ಕಳಿಸಬೇಕೆಂದಿದ್ದೆ, ಹೊರಗಿನ ಬಟ್ಟೆ ಹಾಕುವುದಕ್ಕೆ ನಿಮಗೆ ಬಿಡುವುದಿಲ್ಲವೆಂದು ಅಂಚೆ ಕಚೇರಿಯಲ್ಲಿ ಯಾರೋ ಹೇಳಿದರು. ಹೊಟ್ಟೆ ತುಂಬ ಊಟ ಹಾಕುತ್ತಾರೋ ಇಲ್ಲವೋ ಎಂಬುದನ್ನು ನೀನು ಒಂದು ಪತ್ರದಲ್ಲೂ ಬರೆದಿಲ್ಲ. ನಿನ್ನ ಫೋನನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಆ ತರಬೇತಿ ಶಿಬಿರದವರ ಮೇಲೆ ನನಗಿರುವ ಸಿಟ್ಟು ನಿನಗೆ ಗೊತ್ತೇ ಇದೆ. ಸೈನ್ಯಕ್ಕೆ ಸೇರಬೇಡ ಎಂದು ಅಡುಗೆಮನೆಯಲ್ಲಿ ನಾನು ಮಾಡಿದ ಭಾಷಣವನ್ನು ಮತ್ತೆ ಇಲ್ಲಿ ಮಾಡುವುದಿಲ್ಲ. ಆದರೆ ಫೋನಿನಲ್ಲಿ ಎರಡು ನಿಮಿಷಕ್ಕೆ ಮುಗಿಯಬೇಕಾದ ಮಾತನ್ನು ನಾನು ಹೀಗೆ ಕಾಗದದ ಮೇಲೆ ಬರೆದು ಐದು ದಿನ ಕಾಯಬೇಕಾಗಿದೆ. ಅದಕ್ಕೆ ಅವರನ್ನು ಕ್ಷಮಿಸುವುದಿಲ್ಲ.

ನೇರವಾಗಿ ಹೇಳುತ್ತೇನೆ, ಕೂತುಕೊಂಡು ಓದು. ನಿನ್ನ ಮಗಳು ಐವಿಯ ರಕ್ತದಲ್ಲಿ ಸೀಸ ಸೇರಿದೆ. ಏಪ್ರಿಲಿನಲ್ಲಿ ನೀನೇ ಕರೆದುಕೊಂಡು ಹೋಗಿ ಬೆರಳು ಚುಚ್ಚಿಸಿದಾಗ ಅಂಕಿ ಮೂರು ಇತ್ತು. ಐದು ದಾಟಬಾರದು ಅನ್ನುತ್ತಾರೆ. ಅಕ್ಟೋಬರ್ ಎರಡಕ್ಕೆ ಮತ್ತೆ ಚುಚ್ಚಿದರು, ಹದಿನಾರು ಬಂತು. ತಪ್ಪಿರಬಹುದೆಂದು ತೋಳಿನಿಂದ ರಕ್ತ ತೆಗೆದು ನೋಡಿದರು. ಹದಿನೇಳು. ಮಗು ನೋಡುವುದಕ್ಕೆ ಚೆನ್ನಾಗಿಯೇ ಇದ್ದಾಳೆ, ಹೆದರಬೇಡ. ಹಕಲ್‌ಬೆರಿ ಜಾಮ್ ಕೊಟ್ಟರೆ ಬ್ರೆಡ್ಡು ಬಿಟ್ಟು ಜಾಮ್ ಮಾತ್ರ ನೆಕ್ಕುತ್ತಾಳೆ. ಆದರೆ ಸೆಪ್ಟೆಂಬರಿನಲ್ಲಿ ಹೇಳುತ್ತಿದ್ದ ಕೆಲವು ಮಾತುಗಳನ್ನು ಈಗ ಹೇಳುವುದಿಲ್ಲ. ಲೋಟ ಬೇಕಾದರೆ ಬೆರಳು ತೋರಿಸುತ್ತಾಳೆ. ಎರಡೂವರೆ ವರ್ಷದ ಮಕ್ಕಳು ಹಾಗೆ ಮಾಡುವುದುಂಟು ಎಂದು ಡಾಕ್ಟರು ಅಂದರು. ಇರಬಹುದು ಎಂದು ನಾನೂ ಅಂದುಕೊಂಡಿದ್ದೇನೆ. ಆದರೂ ದಿನಾ ಲೋಟ ಹಿಡಿದು ಅದರ ಹೆಸರು ಹೇಳಿಸಿ ನೋಡುತ್ತೇನೆ.

ಹದಿನೇಳು ಎಂದು ಕೇಳಿದ ಕೂಡಲೇ, ಇದು ಯಾರ ಕೆಲಸ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ಈ ಕಣಿವೆಯಲ್ಲಿ ಹುಟ್ಟಿದ ಯಾರಿಗೆ ತಾನೇ ಇರುತ್ತದೆ? ಸೀಸ ಕರಗಿಸುವ ಕಾರ್ಖಾನೆ ಮುಚ್ಚಿ ನಮ್ಮ ವಯಸ್ಸಿಗಿಂತ ಹೆಚ್ಚು ಕಾಲವಾಯಿತು, ಆದರೂ ಅದರ ಹೊಗೆ ಬಿದ್ದ ಮಣ್ಣನ್ನು ಇಂದಿಗೂ ಅಗೆದು ಹಾಕುತ್ತಿದ್ದಾರೆ. ಚಿಕಿತ್ಸಾಲಯದ ಗೋಡೆಗೆ ಸಿಕ್ಕಿಸಿದ್ದ ಕಿರುಹೊತ್ತಿಗೆಗಳನ್ನೆಲ್ಲ ಮನೆಗೆ ತಂದೆ. ಯೂನಿಯನ್ ಕಚೇರಿಯಿಂದ ಹಳೆಯ ಕರಪತ್ರಗಳನ್ನು ತಂದೆ. ಎರಡು ದಿನ ಓದಿ ನಾನೇ ಒಂದು ಕರಪತ್ರ ಬರೆದೆ: 'ಸತ್ತ ಕಂಪನಿ ನಮ್ಮ ಮಕ್ಕಳ ರಕ್ತದಲ್ಲಿ ಬದುಕಿದೆ.' ಇನ್ನೂರು ಪ್ರತಿ ಮಾಡಿಸಿ ಪ್ರತಿ ಮನೆಯ ಬಾಗಿಲಿಗೂ ಸಿಕ್ಕಿಸಿದೆ. ಅಗ್ನಿಶಾಮಕ ಠಾಣೆಯಲ್ಲಿ ಊರಿನ ಸಭೆ ಸೇರಿದಾಗ ಕುರ್ಚಿಯ ಮೇಲೆ ಹತ್ತಿ ನಿಂತು ಮಾತಾಡಿದೆ. ಅಜ್ಜನ ಗೆಳೆಯ ಲೊರೆನ್ ಹಿಂದಿನ ಸಾಲಿನಿಂದ, "ಇಳಿಯೇ ತಾಯಿ, ಕುರ್ಚಿ ಸರ್ಕಾರದ್ದು" ಎಂದು ಕೂಗಿದ, ಎಲ್ಲರೂ ನಕ್ಕರು, ಆದರೂ ಚಪ್ಪಾಳೆ ಬಿತ್ತು. ನಮ್ಮ ಅಂಗಳವನ್ನು ಪರೀಕ್ಷಿಸಲೇಬೇಕೆಂದು ಕೌಂಟಿಯ ಆರೋಗ್ಯ ಕಚೇರಿಗೆ ಏಳು ಪತ್ರ ಬರೆದೆ. ಅವರು ಬಂದರು. ಅಂಗಳದ ಮಣ್ಣು ಶುದ್ಧವಾಗಿತ್ತು.

ಬಂದವಳ ಹೆಸರು ಮಾರ್ಲಿಸ್. ಮಣ್ಣು ತೆಗೆದುಕೊಂಡು ಹೋಗುತ್ತಾಳೆ ಎಂದುಕೊಂಡರೆ ಮನೆಯೊಳಗೆ ಬಂದಳು. ಒದ್ದೆ ಬಟ್ಟೆಚೂರುಗಳಿಂದ ಕಿಟಕಿ, ನೆಲ, ಐವಿಯ ಮಂಚದ ಕಂಬಿ ಒರೆಸಿ ಒಂದೊಂದನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿದಳು. ಆಮೇಲೆ ನೆಲಮಾಳಿಗೆಗೆ ಇಳಿದಳು. ಅಲ್ಲಿ ನಿನ್ನ ಪ್ರೆಸ್ ಕಂಡಿತು. "ಇದು ಬಂದೂಕಿನ ತೋಟೆ ತುಂಬೋ ಯಂತ್ರ ಅಲ್ವಾ? ಇದನ್ನ ಹೇಗೆ ಕ್ಲೀನ್ ಮಾಡ್ತೀರಿ?" ಎಂದಳು. ಅಜ್ಜನಿಗೆ ಇಂಥ ಪ್ರಶ್ನೆ ಕೇಳಿದವರು ಎಷ್ಟು ವರ್ಷದಿಂದ ಸಿಕ್ಕಿರಲಿಲ್ಲವೋ. ಮುಖ ಅರಳಿಹೋಯಿತು. ಅವನ ಪಾಠ ನಿನಗೆ ಬಾಯಿಪಾಠವಾಗಿದೆ, ಅದನ್ನೇ ಶುರು ಮಾಡಿದ. "ಹಳೇ ತೋಟೆಯಿಂದ ಸುಟ್ಟ ಕೇಪನ್ನ, ಅದೇ ತಳದಲ್ಲಿ ಕಿಡಿ ಹತ್ತಿಸೋ ಬಿಲ್ಲೇನ, ಹೊರಗೆ ತಳ್ತೀವಲ್ಲಮ್ಮ, ಆಗ ಕಪ್ಪು ಬೂದಿ ಉದುರತ್ತೆ. ಅದು ಈ ಉಕ್ಕಿನ ಕಂಬದ ಮೇಲೆ, ಈ ಕೀಲುಗಳ ಸಂದೀಲಿ ಕೂತ್ಕೊಳತ್ತೆ. ಬೂದಿ ಇರೋವಾಗ ಎಣ್ಣೆ ಹಾಕಿದ್ರೆ ಕೆಟ್ರಿ. ಎಣ್ಣೆ, ಬೂದಿ ಸೇರಿದ್ರೆ ಉಪ್ಪುಕಾಗದ ಉಜ್ಜಿದಂಗೆ, ಕಂಬಾನ ತಿಂದುಹಾಕತ್ತೆ. ಮೊದಲು ಬೂದಿ ಹೋಗ್ಬೇಕು. ಆಮೇಲೆ ಕೀಲಿಗೆ ಗ್ರೀಸು, ಕಂಬಕ್ಕೆ ಎಣ್ಣೆ. ಎಣ್ಣೆ ಅಂದ್ರೆ ಸ್ನಾನ ಮಾಡಿಸೋದಲ್ಲ, ಬೊಟ್ಟು ಇಡೋದು. ಹೆಚ್ಚಾದ್ರೆ ಹೊಸ ಕೇಪಿಗೆ ಇಳಿದು ತೋಟೆ ಠುಸ್ ಅನ್ನತ್ತೆ." ಬೂದಿ ತೆಗೆಯುವುದು ಹೇಗೆ ಎಂದು ಅವಳು ಕೇಳಿದಳು. "ಹೀಗೆ" ಎಂದವನೇ ಗಾಳಿಯ ಕಂಪ್ರೆಸರ್ ಹಾಕಿ ಹೋಸ್ ಹಿಡಿದು ಬುಸ್ಸೆಂದು ಹೊಡೆದ. ಮಾರ್ಲಿಸ್ ಮೂಗು ಮುಚ್ಚಿಕೊಂಡು ಮೆಟ್ಟಿಲ ತನಕ ಹಿಂದೆ ಸರಿದಳು. ಅಜ್ಜ ಮಾತ್ರ ಹೊಳೆಯುವ ಪ್ರೆಸ್ಸಿಗೆ ಕೈ ತೋರಿಸುತ್ತ ನಿಂತಿದ್ದ, ಮಗುವನ್ನು ಮೀಯಿಸಿ ತಂದವನ ಹಾಗೆ.

ಆ ಬೂದಿಯಲ್ಲಿ ಇರುವುದು ಸೀಸ, ಅಣ್ಣ. ಕೇಪಿನೊಳಗಿನ ಮದ್ದಿನ ಸೀಸ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನು ಎಸೆದಿದ್ದರೆ ಮುಗಿಯುತ್ತಿತ್ತು. ಗಾಳಿ ಹೊಡೆದರೆ ಅದು ಎಲ್ಲಿಗೆ ಹೋಗುತ್ತದೆ? ಪ್ರೆಸ್ ಇರುವ ಮೇಜಿನಿಂದ ನಾಲ್ಕು ಹೆಜ್ಜೆಗೆ ಮನೆ ಬೆಚ್ಚಗಿಡುವ ಫರ್ನೇಸ್ ಇದೆ. ಅದು ನೆಲಮಾಳಿಗೆಯ ಗಾಳಿ ಎಳೆದುಕೊಂಡು, ಕಾಯಿಸಿ, ಕೊಳವೆಗಳಲ್ಲಿ ಮೇಲಿನ ಕೋಣೆಗಳಿಗೆಲ್ಲ ಊದುತ್ತದೆ. ಸೆಪ್ಟೆಂಬರ್ ಮೊದಲ ವಾರದಿಂದಲೇ ರಾತ್ರಿಯ ಚಳಿಗೆ ಅದನ್ನು ಉರಿಸುತ್ತಿದ್ದೇವೆ. ಐವಿಗೆ ಇಡೀ ಮನೆಯಲ್ಲಿ ಇಷ್ಟವಾದ ಜಾಗ ಯಾವುದು ಹೇಳು. ಹಾಲಿನ ನೆಲದ ಜಾಲರಿ. ಬಿಸಿ ಗಾಳಿ ಬರುತ್ತದೆಂದು ಅದರ ಮೇಲೆ ಕಂಬಳಿ ಹೊದ್ದು ಗುಡಾರ ಮಾಡಿಕೊಂಡು ಮಲಗುತ್ತಾಳೆ. ಪರೀಕ್ಷೆಯ ಕಾಗದ ಬಂತು: ಮನೆಯಲ್ಲಿ ಅತಿ ಹೆಚ್ಚು ಸೀಸ ಇದ್ದದ್ದು ಫರ್ನೇಸಿನ ಸೋಸುಬಲೆಯಲ್ಲಿ, ಅದಕ್ಕಿಂತ ಸ್ವಲ್ಪ ಕಡಿಮೆ ಆ ಕಂಬಳಿಯಲ್ಲಿ.

ಇದಕ್ಕೆ ಮೊದಲು ನನ್ನನ್ನು ಬೈದುಕೊಳ್ಳುತ್ತೇನೆ. ಚಿಕಿತ್ಸಾಲಯದಿಂದ ತಂದ ಕಿರುಹೊತ್ತಿಗೆಯ ಕೊನೆಯ ಪುಟದಲ್ಲಿ ಇದು ಇತ್ತು. ಸಣ್ಣ ಅಕ್ಷರದಲ್ಲಿ, ಮೀನಿನ ಗಾಳದ ಗುಂಡು, ಬಣ್ಣದ ಗಾಜಿನ ಕೆಲಸ, ಮನೆಯಲ್ಲಿ ತೋಟೆ ತುಂಬುವುದು ಎಂದು. ನಾನು ಆ ಪುಟ ನೋಡಿದ್ದೆ. ನೋಡಿ ಸಿಟ್ಟಾಗಿದ್ದೆ. ಕಂಪನಿಯವರು ಟನ್ನುಗಟ್ಟಲೆ ಸೀಸ ಸುರಿದು ಹೋದರು, ಇವರು ಬಡವರ ಗಾಳದ ಗುಂಡಿನಲ್ಲಿ ತಪ್ಪು ಹುಡುಕುತ್ತಾರೆ ಎಂದು ಆ ಪುಟವನ್ನು ಹಿಂದಕ್ಕೆ ಮಡಚಿಟ್ಟೆ. ಕಂಪನಿಯ ಬಗ್ಗೆ ನಾನು ಬರೆದ ಒಂದು ಸಾಲನ್ನೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ನನ್ನ ಮನೆಯ ಮಗುವಿಗೆ ವಿಷ ಹಾಕಿದ್ದು ಕಂಪನಿಯಲ್ಲ. ಮತ್ತೆ ಇನ್ನೂರು ಬಾಗಿಲಿಗೆ ಹೋಗಿ, ನಾನು ತಪ್ಪು ತಿಳಿದಿದ್ದೆ, ನಿಮ್ಮ ನೆಲಮಾಳಿಗೆಯನ್ನೂ ನೋಡಿಕೊಳ್ಳಿ ಎಂದು ಬರೆದ ಚೀಟಿ ಸಿಕ್ಕಿಸಿ ಬಂದೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಈ ಬೀದಿಯಲ್ಲಿ ತೋಟೆ ತುಂಬದ ಮನೆ ಎಷ್ಟಿದೆ?

ಈಗ ಅಜ್ಜನ ವಿಷಯ. ಮನೆ ಶುಚಿ ಮಾಡುವ ತಂಡ ನವೆಂಬರ್ ಇಪ್ಪತ್ತಕ್ಕೆ ಬರುತ್ತದೆ. ಕೊಳವೆಗಳನ್ನು ಹೀರಿ ತೊಳೆದು, ಸೋಸುಬಲೆ ಬದಲಿಸಿ ಹೋಗುತ್ತಾರೆ. ಆದರೆ ಪ್ರೆಸ್ಸು, ಅದರ ಮರದ ಮೇಜು, ತೋಟೆಯ ಡಬ್ಬಗಳು ಅಷ್ಟೂ ಅದಕ್ಕೆ ಮುಂಚೆ ಮನೆಯಿಂದ ಹೊರಗೆ ಹೋಗಿರಬೇಕು. ಇಲ್ಲದಿದ್ದರೆ ಮುಟ್ಟುವುದಿಲ್ಲ, ಮುಂದಿನ ಸರದಿ ಜನವರಿಯಲ್ಲಿ. ಅಲ್ಲಿಯವರೆಗೆ ಜಾಲರಿಗಳಿಗೆಲ್ಲ ಟೇಪು ಅಂಟಿಸಿ ಒಂದೇ ಕೋಣೆಯಲ್ಲಿ ಕರೆಂಟಿನ ಹೀಟರ್ ಇಟ್ಟುಕೊಂಡು ಕೂತಿರಬೇಕು. ಐವಿ ಆ ಟೇಪನ್ನು ದಿನಕ್ಕೆ ಹತ್ತು ಸಲ ಕೀಳುತ್ತಾಳೆ. ಅವಳ ಜಾಗ ಅದು, ಕೀಳದೆ ಇನ್ನೇನು ಮಾಡುತ್ತಾಳೆ. ಅಜ್ಜನಿಗೆ ಹೇಳಿದೆ. "ಗಾಳಿ ಹೊಡೆಯೋದು ನಿಲ್ಸಿದೀನಲ್ಲ, ಇನ್ನೇನು?" ಎಂದ. ಮೇಜು ಹೊರಗೆ ಹಾಕೋಣ ಎಂದೆ. "ಹದಿನೆಂಟು ವರ್ಷ ಕುಲುಮೆ ಬಾಯಲ್ಲಿ ನಿಂತೋನು ನಾನು. ಆ ಹೊಗೆ ಕೊಲ್ಲಲಿಲ್ಲ, ಈ ಚಿಟಿಕೆ ಬೂದಿ ಕೊಲ್ಲತ್ತಾ?" ಎಂದ. ಕೊಲ್ಲುವುದು ನಿನ್ನನ್ನಲ್ಲ ಅಜ್ಜ, ಎಂದೆ. ಅಷ್ಟರಲ್ಲಿ ಕಾಫಿಗೆಂದು ಬಂದು ಕೂತಿದ್ದ ಲೊರೆನ್ ಬಾಯಿ ಹಾಕಿದ: "ಅರ್ವಿಡ್, ನಿನ್ ಮೊಮ್ಮಗಳು ಇನ್ನೊಂದು ಪುಸ್ತಕ ಓದಿದ್ರೆ ಗಾಳೀನೂ ಕುದಿಸಿ ಕುಡೀಬೇಕು ಅಂತಾಳೆ ನೋಡು." ನಾನು ಅವನ ಮುಂದಿದ್ದ ಕಾಫಿ ಲೋಟ ಎತ್ತಿಕೊಂಡು ಹೋಗಿ ಸಿಂಕಿಗೆ ಸುರಿದೆ. ನೀನಿದ್ದಿದ್ದರೆ ನಗುತ್ತಿದ್ದೆ. ಅಜ್ಜ ನಗಲಿಲ್ಲ. ತನ್ನ ಲೋಟ ಬದಿಗಿಟ್ಟು ಹೇಳಿದ: "ಅದು ನಂದಲ್ಲ ಕಣೇ ಡೆಲ್ಲಾ, ವೇಡ್‌ದು. ಕೊಟ್ಟಿದ್ದನ್ನ ನಾನು ಹೆಂಗೆ ಹೊರಗೆ ಹಾಕ್ಲಿ? ಅವನು ಬರೆದು ಕಳಿಸ್ಲಿ. ನಾನೇ ಹೊತ್ತು ಹಾಕ್ತೀನಿ."

ನಿನಗೆ ನೆನಪಿದೆ. ಹದಿನಾಲ್ಕನೇ ವಯಸ್ಸಿನಲ್ಲಿ ನೀನು ಮೊದಲ ಎಲ್ಕ್ ಜಿಂಕೆ ಹೊಡೆದು ತಂದಾಗ ಅಜ್ಜ ನಿನ್ನ ಕೈಯನ್ನು ಪ್ರೆಸ್ಸಿನ ಹಿಡಿಕೆಯ ಮೇಲಿಟ್ಟು, "ಇವತ್ತಿಂದ ಇದು ನಿಂದು. ನಾನು ಬರೀ ನೋಡ್ಕೊಳ್ಳೋನು" ಎಂದಿದ್ದ. ನಮ್ಮಲ್ಲಿ ಹಾಗೆ ಕೊಟ್ಟದ್ದನ್ನು ವಾಪಸು ಮುಟ್ಟುವುದಿಲ್ಲ, ಅವನ ಅಪ್ಪ ಅವನಿಗೆ ಕೊಟ್ಟದ್ದೂ ಹಾಗೆಯೇ. ನೀನು ಆಗಸ್ಟಿನಲ್ಲಿ ಬಸ್ಸು ಹತ್ತುವಾಗ ಅವನಿಗೆ ಏನೆಂದೆ? 'ಪ್ರೆಸ್ ನೋಡಿಕೋ ಅಜ್ಜ' ಎಂದೆ. ಮಗಳನ್ನು ನೋಡಿಕೋ ಎಂದು ನನಗೆ, ಪ್ರೆಸ್ ನೋಡಿಕೋ ಎಂದು ಅವನಿಗೆ. ಅದಕ್ಕೆ ಮುಂಚೆ ತಿಂಗಳಿಗೊಮ್ಮೆ ಆಗುತ್ತಿದ್ದ ಕೆಲಸ ಅಂದಿನಿಂದ ದಿನವೂ ಆಯಿತು. ಅವನು ಈ ವರ್ಷ ಬೇಟೆಗೂ ಹೋಗಲಿಲ್ಲ. ದಿನಾ ಇಳಿದು ಹತ್ತಾರು ಹಳೆಯ ತೋಟೆಯ ಕೇಪು ಕಳಚುವುದು, ಗಾಳಿ ಹೊಡೆಯುವುದು, ಒರೆಸುವುದು, ಕೀಲಿಗೆ ಗ್ರೀಸು, ಕಂಬಕ್ಕೆ ಎಣ್ಣೆ. ನೀನು ಬಂದು ಹಿಡಿಕೆ ಎಳೆದಾಗ ಬೆಣ್ಣೆಯ ಹಾಗೆ ಇಳಿಯಬೇಕಂತೆ. ನಿನ್ನ ಮೇಲಿನ ಪ್ರೀತಿಗೆ ಅವನಿಗೆ ಬೇರೆ ದಾರಿ ಗೊತ್ತಿಲ್ಲ. ಅದು ನನಗೆ ಅರ್ಥವಾಗುತ್ತದೆ. ಅರ್ಥವಾಗುವುದರಿಂದಲೇ ಸಿಟ್ಟು ಇನ್ನೂ ಹೆಚ್ಚುತ್ತದೆ. ಒಂದು ಕಬ್ಬಿಣದ ತುಂಡಿಗೆ ಬೂದಿ ತಾಗಬಾರದೆಂದು ಅದನ್ನೆಲ್ಲ ಮಗುವಿನ ಮೂಗಿಗೆ ಊದುವ ಮನೆ ನಮ್ಮದು. ನೀನೂ ಹದಿನಾಲ್ಕರಿಂದ ಆ ಮೇಜಿನ ಮುಂದೆ ಕೂತವನು. ಅಲ್ಲಿಯ ಡಾಕ್ಟರಿಗೆ ಹೇಳಿ ನಿನ್ನ ರಕ್ತವನ್ನೂ ತೋರಿಸು.

ಕ್ರಿಸ್‌ಮಸ್‌ಗೆ ಬಂದು ಮಾತಾಡುತ್ತೇನೆ ಎಂದು ಮಾತ್ರ ಬರೆಯಬೇಡ. ನಿನಗೆ ಅಲ್ಲಿ ಬರೆಯುವುದಕ್ಕೆ ಕೊಡುವ ಅರ್ಧ ಗಂಟೆಯಲ್ಲಿ ಒಂದು ಚೀಟಿ ಬರೆ. ಪ್ರೆಸ್ಸು, ಮೇಜು, ಡಬ್ಬ ಎಲ್ಲ ಇಪ್ಪತ್ತರೊಳಗೆ ಹೊರಗೆ ಹೋಗಲಿ, ಇದು ನನ್ನ ಮಾತು ಎಂದು. ಕೆಳಗೆ ಸಹಿ ಹಾಕು. ಲಕೋಟೆಯಲ್ಲಿ ಅಂಚೆಚೀಟಿ ಅಂಟಿಸಿದ ಇನ್ನೊಂದು ಲಕೋಟೆ ಇಟ್ಟಿದ್ದೇನೆ. ಪ್ರೆಸ್ಸನ್ನು ಬೇಕಾದರೆ ತೊಳೆದು, ಎಣ್ಣೆ ಹಚ್ಚಿ, ಎಣ್ಣೆಕಾಗದದಲ್ಲಿ ಸುತ್ತಿ ಲೊರೆನ್‌ನ ಕೊಟ್ಟಿಗೆಯಲ್ಲಿ ಇಡುತ್ತೇವೆ, ತುಕ್ಕು ಹಿಡಿಯುವುದಿಲ್ಲ. ಅವನ ಮನೆಯಲ್ಲಿ ಮಕ್ಕಳಿಲ್ಲ.

ಐವಿ ಪಕ್ಕದಲ್ಲೇ ಕೂತಿದ್ದಾಳೆ, ಪೆನ್ನು ಕಿತ್ತುಕೊಂಡು ಮೇಲೆ ಗೀಚಿದ್ದಾಳೆ, ಅದು ನಿನಗೆ ಅವಳ ಮುತ್ತು ಎಂದುಕೋ. ಅಜ್ಜ ನಿನ್ನನ್ನು ಕೇಳಿದೆನೆಂದು ಬರಿ ಎಂದಿದ್ದಾನೆ. ಜೋಪಾನ. ಚೆನ್ನಾಗಿ ತಿನ್ನು, ನಿದ್ದೆ ಮಾಡು, ಅವರು ಹೇಳಿದ್ದನ್ನೆಲ್ಲ ನಂಬಬೇಡ.

ನಿನ್ನ ತಂಗಿ,
ಡೆಲ್ಲಾ

ತಾ.ಕ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಮೇಲೆ ನಾನು ಒಂದು ಮಾತು ಬಿಟ್ಟಿದ್ದೇನೆ. ಸೆಪ್ಟೆಂಬರಿನಿಂದ ಅಜ್ಜನ ಬಲ ಭುಜ ಮೇಲೇಳುತ್ತಿಲ್ಲ. ಕೇಪು ಕಳಚುವುದು ಅವನು, ಹೋಸ್ ಹಿಡಿದು ಗಾಳಿ ಹೊಡೆಯುತ್ತಿದ್ದದ್ದು ನಾನು. ಮಾರ್ಲಿಸ್ ಮುಂದೆ ಹೊಡೆದದ್ದು ಮಾತ್ರ ಅವನು. ದಿನಾ ಇದನ್ನ ಯಾರು ಮಾಡ್ತಾರೆ ಎಂದು ಅವಳು ಕೇಳಿದಳು. ಅಜ್ಜ ನನ್ನ ಕಡೆ ನೋಡದೆ, "ನಾನೇ" ಎಂದ. ನಾನು ಸುಮ್ಮನೆ ನಿಂತಿದ್ದೆ. ಅವಳ ಕಾಗದದಲ್ಲಿ ಅವನ ಹೆಸರಿದೆ, ಊರೆಲ್ಲ ಅವನನ್ನೇ ಅನ್ನುತ್ತಿದೆ. ನಾಳೆ ಬೆಳಿಗ್ಗೆ ಅವಳ ಕಚೇರಿಗೆ ಹೋಗಿ ಬರೆದುಕೊಟ್ಟು ಬರುತ್ತೇನೆ. ನಿನ್ನ ಚೀಟಿಯನ್ನು ಅಜ್ಜನೊಬ್ಬನಿಗೇ ಬರೆಯಬೇಡ. ನಮ್ಮಿಬ್ಬರ ಹೆಸರನ್ನೂ ಬರೆ, ನನ್ನದನ್ನು ಮೊದಲು.