ನಮ್ಮ ಆಟದ ಕೋಣೆಗೆ ಬೀಗ ಜಡಿದವರಿಗೆ

ಅಂಗವಿಕಲರ ಕಲ್ಯಾಣದ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಹೊಳೆನರಸೀಪುರದ ಬಸ್ ನಿಲ್ದಾಣದ ಹಿಂದೆ ನಮಗೊಂದು ವಿಡಿಯೋ ಗೇಮ್ ಕೋಣೆಯಿತ್ತು. ಕಳೆದ ತಿಂಗಳು ತಾವು ಅದಕ್ಕೆ ಬೀಗ ಹಾಕಿಸಿದಿರಿ. "ಅಂಗವಿಕಲರಿಗೆ ಬೇಕಿರುವುದು ದುಡಿಮೆ, ಆಟವಲ್ಲ" ಎಂದು ಪತ್ರಿಕೆಯವರಿಗೆ ಹೇಳಿಕೆಯನ್ನೂ ಕೊಟ್ಟಿರಿ. ಸಂಜೆ ಆಫೀಸು ಮುಗಿಸಿ ತಾವು ಕ್ಲಬ್ಬಿಗೆ ಹೋಗಿ ಶಟಲ್ ಆಡುವುದು ಹಾಸನಕ್ಕೆಲ್ಲ ಗೊತ್ತು. ತಮಗೆ ದುಡಿಮೆಯೂ ಬೇಕು, ಆಟವೂ ಬೇಕು. ನಮಗೆ ಮಾತ್ರ ಒಂದೇ ಸಾಕು ಎಂಬ ನ್ಯಾಯವನ್ನು ತಾವು ಯಾವ ಶಾಲೆಯಲ್ಲಿ ಕಲಿತಿರಿ?

ನಾನು ಹಂಸ. ಹುಟ್ಟಿದಾಗಿನಿಂದ ಕೈಕಾಲು ನನ್ನ ಸ್ವಾಧೀನದಲ್ಲಿಲ್ಲ. ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿರುವವರು ನನ್ನ ಅತ್ತಿಗೆ. ಪತ್ರದಲ್ಲಿ ಖಾರ ಹೆಚ್ಚಾಗಿದ್ದರೆ ಅದು ನನ್ನದೇ. ಅವರು ನಡುವೆ ಸ್ವಲ್ಪ ಸಕ್ಕರೆ ಬೆರೆಸಲು ಹೋಗಿ ಬೈಸಿಕೊಂಡಿದ್ದಾರೆ.

ನಮ್ಮ ಮನೆಯಲ್ಲಿ ಹಬ್ಬದ ಊಟವಾದ ಮೇಲೆ ಎಲ್ಲರೂ ಚೌಕಾಬಾರಕ್ಕೆ ಕೂರುವುದು ವಾಡಿಕೆ. ನನ್ನನ್ನೂ ದಿಂಬಿಗೆ ಒರಗಿಸಿ ಕೂರಿಸುತ್ತಾರೆ. ನನ್ನ ಪರವಾಗಿ ಕವಡೆ ಹಾಕುವುದು ಅಣ್ಣ, ಕಾಯಿ ನಡೆಸುವುದು ಅಮ್ಮ. ನನ್ನ ಕಾಯಿ ಹೊಡೆಯುವ ಅವಕಾಶ ಸಿಕ್ಕಿದವರು ಅದು ಕಾಣಲೇ ಇಲ್ಲವೆಂಬಂತೆ ಇನ್ನೊಂದನ್ನು ನಡೆಸುತ್ತಾರೆ. ಕೊನೆಗೆ ನನ್ನ ಕಾಯಿಗಳೆಲ್ಲ ಹಣ್ಣಾಗಿ, "ಹಂಸ ಗೆದ್ದಳು" ಎಂದು ಚಪ್ಪಾಳೆ ಬೀಳುತ್ತದೆ. ಆ ಪ್ರೀತಿಯನ್ನು ನಾನು ಹಳಿಯುತ್ತಿಲ್ಲ. ಆದರೆ ಒಂದು ಆಟವನ್ನೂ ಆಡದೆ ಜೀವನವಿಡೀ ಗೆಲ್ಲುತ್ತಲೇ ಬಂದವಳ ಸಂಕಟ ತಮಗೆ ಅರ್ಥವಾದೀತೇ?

ತಮ್ಮ ಇಲಾಖೆಯ ಆ ಖಾಲಿ ಕೋಣೆಯನ್ನು ಕೇಳಿ ಪಡೆದು ನಡೆಸುತ್ತಿದ್ದದ್ದು ಹಾಸನದ ಒಂದು ಸಣ್ಣ ಟ್ರಸ್ಟು. ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು ಕೇದಾರ್ ಮತ್ತು ಅವರ ಸ್ನೇಹಿತರು ಕಟ್ಟಿದ್ದು. ಕೇದಾರ್ ನನ್ನನ್ನು ಮೊದಲು ಕೇಳಿದ್ದು ಇಷ್ಟೇ: "ನಿಮ್ಮ ಮೈಯಲ್ಲಿ ನೀವು ಹೇಳಿದ ಹಾಗೆ ಕೇಳೋ ಜಾಗ ಯಾವುದು?" ಅಲ್ಲಿಯವರೆಗೆ ಬಂದ ವೈದ್ಯರೆಲ್ಲ ನನ್ನ ಮಾತು ಕೇಳದ ಜಾಗಗಳನ್ನೇ ವಿಚಾರಿಸಿದ್ದರು. ಎಡಗಾಲಿನ ಹೆಬ್ಬೆರಳು, ಗದ್ದ ಎಂದೆ. ಕಾಲಿಂಗ್ ಬೆಲ್ಲಿನ ಗುಂಡಿಗಳನ್ನು ಹಲಗೆಗೆ ಜೋಡಿಸಿ ತಂದರು. ಹೆಬ್ಬೆರಳಿಗೆ ಕಾರಿನ ವೇಗ ಬಂತು, ಗದ್ದಕ್ಕೆ ಸ್ಟೀರಿಂಗು ಬಂತು. ನಾನು ಗುಂಡಿ ಒತ್ತಿದಾಗ ಟಿವಿಯೊಳಗಿನ ಕಾರು ಹೊರಟಿತು. ಅದಕ್ಕೂ ಮೊದಲು ನಾನಾಗಿ ಸರಿಸಿದ ವಸ್ತು ಈ ಭೂಮಿಯ ಮೇಲೆ ಇರಲಿಲ್ಲ.

ನನ್ನ ಎದುರಾಳಿ ಹಳ್ಳಿಮೈಸೂರಿನ ರೈತ ರಂಗಸ್ವಾಮಿಯವರು. ಕರೆಂಟು ಹೊಡೆದು ಅವರ ಎರಡೂ ಕೈಗಳನ್ನು ಮೊಣಕೈವರೆಗೆ ತೆಗೆದಿದ್ದಾರೆ. ಅವರು ಪಾದದಲ್ಲಿ ಕಾರು ಓಡಿಸುತ್ತಾರೆ, ಕರುಣೆಯಿಲ್ಲದೆ ಓಡಿಸುತ್ತಾರೆ. ಮೊದಲ ದಿನವೇ ನನ್ನನ್ನು ಚೆನ್ನಾಗಿ ಸೋಲಿಸಿ, "ಅಂಸಮ್ಮ, ಕಾರು ಓಡುಸ್ತಿದ್ದೀಯೋ, ಗದ್ದೆ ಉಳ್ತಿದ್ದೀಯೋ?" ಎಂದು ಕೋಣೆಯೆಲ್ಲ ಕೇಳುವಂತೆ ನಕ್ಕರು. ಆಟೋದಲ್ಲಿ ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಣ್ಣ ಗಾಬರಿಯಾದ. ಅದು ಖುಷಿಗೆ ಬಂದ ಅಳು ಎಂದು ಅವನಿಗೆ ತಿಳಿಸುವಷ್ಟರಲ್ಲಿ ಮನೆ ಬಂದಿತ್ತು.

ಮಳೆಗಾಲದ ಹೊತ್ತಿಗೆ ಒಂದು ಆಟ ನಾನೇ ಗೆದ್ದೆ. ಅಭ್ಯಾಸಬಲ ನೋಡಿ, ನನಗೆ ಅನುಮಾನ ಬಂತು. "ನಿಜ ಹೇಳಿ, ಬಿಟ್ಟುಕೊಟ್ಟಿರಾ?" ಎಂದೆ.

"ಬುಟ್ಕೊಡಾಕೆ ನಾನೇನು ನಿಮ್ಮಣ್ಣನಾ?" ಎಂದು ಸಿಡುಕಿ, ಟೀ ಕೂಡ ಬೇಡವೆಂದು ಎದ್ದು ಹೋದರು. ನನ್ನ ಬದುಕಿನಲ್ಲಿ ನನಗೆ ಸಿಕ್ಕಿದ ದೊಡ್ಡ ಮರ್ಯಾದೆ ಅದು.

ಆಮೇಲೆ ಒಂದು ದಿನ, ನಮ್ಮಿಬ್ಬರ ಆಟ ಅರ್ಧದಲ್ಲಿರುವಾಗ, ತಾವು ತಪಾಸಣೆಗೆ ಬಂದು ಅದನ್ನು ನಿಲ್ಲಿಸಿದಿರಿ. ನನ್ನ ತಲೆಯ ಮೇಲಿಂದ ಅಣ್ಣನನ್ನು ನೋಡಿ, "ಇವರಿಗೆ ಮಾತು ಬರುತ್ತಾ?" ಎಂದು ಕೇಳಿದಿರಿ. ರಂಗಸ್ವಾಮಿಯವರೇ ಉತ್ತರ ಕೊಟ್ಟರು: "ಬತ್ತದೆ ಸಾ. ಒಂದ್ಸಲ ಮಾತಾಡ್ಸಿ ನೋಡಿ. ಆಮೇಲೆ ಸಾಕು ಅಂದ್ರೂ ನಿಲ್ಸಾಕಿಲ್ಲ." ತಾವು ಮಾತಾಡಿಸಲಿಲ್ಲ. ವಾರದೊಳಗೆ ಬೀಗ ಬಿತ್ತು.

ಮತ್ತೆ ಬೀಗ ತೆಗೆದದ್ದು ತಮ್ಮ ಅಗರಬತ್ತಿ ಹೊಸೆಯುವ ತರಬೇತಿಗೆ. ಮೊದಲ ತಂಡದಲ್ಲಿ ನನ್ನನ್ನೂ ರಂಗಸ್ವಾಮಿಯವರನ್ನೂ ಸೇರಿಸಿದ್ದಿರಿ. ಅಗರಬತ್ತಿಯನ್ನು ಅಂಗೈಯಿಂದ ಹೊಸೆಯುತ್ತಾರೆ, ಸ್ವಾಮಿ. ಅವರಿಗೆ ಅಂಗೈಯೇ ಇಲ್ಲ. ನನ್ನದು ನನ್ನ ಮಾತು ಕೇಳುವುದಿಲ್ಲ. ಉದ್ಘಾಟನೆಯ ದಿನ ಅವರಿಗೆ ಶಾಲು ಹೊದಿಸಿ, ಅಗರಬತ್ತಿ ಪುಡಿಯ ಪೊಟ್ಟಣವನ್ನು ಮುಂದಕ್ಕೆ ಚಾಚಿದಿರಿ. ಹಿಡಿಯುವ ಕೈ ಕಾಣದಾಗ ಅದನ್ನು ಅವರ ಕಂಕುಳಿಗೆ ಸಿಕ್ಕಿಸಿ ಫೋಟೊ ತೆಗೆಸಿಕೊಂಡಿರಿ. ಆಗಲೂ ತಮಗೆ ಏನೂ ಹೊಳೆಯಲಿಲ್ಲವೇ? ಆ ಫೋಟೊ ನೋಡಿದಾಗ ನನಗೆ ಬಂದಷ್ಟು ಸಿಟ್ಟು ಬೇರೆ ಯಾವುದಕ್ಕೂ ಬಂದಿಲ್ಲ.

ಅಂದಿನಿಂದ ರಂಗಸ್ವಾಮಿಯವರು ಮನೆ ಬಿಟ್ಟು ಹೊರಬಂದಿಲ್ಲ. ಅವರ ಹೆಂಡತಿ ಅನಸೂಯಮ್ಮ ಫೋನಿನಲ್ಲಿ, "ಮೂಲೆ ಇಡ್ಕಂಡು ಕೂತವ್ರೆ ಕಣವ್ವ. ಉಂಡ್ರಾ ಅಂದ್ರೆ ಉಂಡೆ ಅಂತಾರೆ, ಅಷ್ಟೇಯ" ಎಂದರು. ನನ್ನನ್ನು ಅಣಕಿಸಿ ನಗುತ್ತಿದ್ದ ಮನುಷ್ಯ ಅವರು. ತಮ್ಮ ಕಲ್ಯಾಣ ಇಲ್ಲಿಗೆ ಬಂದು ಮುಟ್ಟಿದೆ.

ತರಬೇತಿಯನ್ನು ಬೇಕಾದವರಿಗೆ, ಬೇಕಾದ ಕಡೆ, ಧಾರಾಳವಾಗಿ ಕೊಡಿ. ಆ ಕೋಣೆಯನ್ನು ಮಾತ್ರ ಈ ತಿಂಗಳೊಳಗೆ ಟ್ರಸ್ಟಿಗೆ ಹಿಂದಿರುಗಿಸಬೇಕು. ಇಲ್ಲವಾದರೆ ನನ್ನ ಗಾಲಿಕುರ್ಚಿಯನ್ನು ತಮ್ಮ ಕಚೇರಿಯ ಬಾಗಿಲಿಗೆ ಅಡ್ಡ ನಿಲ್ಲಿಸುತ್ತೇನೆ. ಸರಿಸಲು ಬಂದವರ ಜೊತೆ ಮಾತಾಡುವುದಕ್ಕೆ ನನಗೆ ಬೇಕಾದಷ್ಟಿದೆ. ತಮ್ಮ ದಯೆ ಕೇಳಲು ಇದನ್ನು ಬರೆಸುತ್ತಿಲ್ಲ, ಬೀಗದ ಕೈ ಕೇಳುತ್ತಿದ್ದೇನೆ. ನನ್ನ ಮೇಲೆ ದಯೆ ತೋರಿಸುವವರು ನಮ್ಮ ಮನೆಯ ತುಂಬ ಇದ್ದಾರೆ. ನನ್ನನ್ನು ಸೋಲಿಸುವವರು ಒಬ್ಬರೇ ಇದ್ದರು.

ಇಂತಿ,
ಅರ್ಧಕ್ಕೆ ನಿಂತ ಆಟದಲ್ಲಿ ಹಿಂದೆ ಬಿದ್ದಿದ್ದ,
ಹಂಸ
ಹೊಳೆನರಸೀಪುರ, ಅಕ್ಟೋಬರ್ 2007